ಕುಣಿಗಲ್ ಮೇಡಂ ಹೇಳಿಕೊಟ್ಟ ಡ್ಯೂಟರಾನ್

ಮೊನ್ನೆ ಗುಜರಿಯವನಿಗೆ ಕೊಡೋಣವೆಂದು ಅಟ್ಟದ ಮೇಲಿದ್ದ ಹಳೆಯ ಟೇಪ್ ರೆಕಾರ್ಡರ್ ಇಳಿಸಿ ಬಿಚ್ಚಿದೆ. ಕೊಡುವ ಮೊದಲು ಬಿಚ್ಚಿ ನೋಡುವುದು ಫಿಸಿಕ್ಸ್ ಪಾಠ ಮಾಡಿದವರ ಚಾಳಿ. ನಿವೃತ್ತಿಯಾದರೂ ಹೋಗಿಲ್ಲ. ಎರಡು ಸ್ಪೀಕರುಗಳ ಹಿಂದಿದ್ದ ಬಳೆಯಂಥ ಕಪ್ಪು ಅಯಸ್ಕಾಂತಗಳನ್ನು ಕಿತ್ತು ಮೇಜಿನ ಮೇಲಿಟ್ಟೆ. ಒಂದನ್ನು ಕೈಯಲ್ಲಿ ಹಿಡಿದು ಇನ್ನೊಂದರ ಹತ್ತಿರ ತಂದೆನಷ್ಟೆ, ಅದು ಮೇಜಿನಿಂದ ಹಾರಿ ಬಂದು ಟಪ್ಪನೆ ಅಂಟಿಕೊಂಡಿತು. ನಡುವೆ ನನ್ನ ತೋರುಬೆರಳಿನ ಚರ್ಮ ಸಿಕ್ಕಿಕೊಂಡು ಕಡಲೆಕಾಳಿನಷ್ಟು ದೊಡ್ಡ ರಕ್ತದ ಗುಳ್ಳೆ ಎದ್ದಿತು. ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ, ಬಹಳ ವರ್ಷದ ಹಳೆಯ ಹೊಟ್ಟೆಕಿಚ್ಚೂ ಎದ್ದು ಬಂತು.

ಯಾಕೆಂದರೆ ಆ ಟಪ್ಪೆನ್ನುವ ಸದ್ದು ಅವಳದು.

ತೀರಿಕೊಂಡವರ ಬಗ್ಗೆ ಬರೆಯುವಾಗ ನಾಲ್ಕು ಒಳ್ಳೆಯ ಮಾತು ಬರೆಯಬೇಕು ಎನ್ನುತ್ತಾರೆ. ಬರೆಯುತ್ತೇನೆ. ಅವಳ ಬಗ್ಗೆ ಒಳ್ಳೆಯ ಮಾತಿಗೇನೂ ಕೊರತೆಯಿಲ್ಲ, ನನಗೆ ತೊಂದರೆಯಾಗಿದ್ದೇ ಅದರಿಂದ. ಆದರೆ ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ ಎನ್ನುವುದು ಓದುವವರಿಗೆ ಗೊತ್ತಿರಲಿ.

ತೊಂಬತ್ತರ ದಶಕದ ನಡುವಿನಲ್ಲಿ ತುಮಕೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ನಾವಿಬ್ಬರೂ ಪಾರ್ಟ್ ಟೈಮ್ ಲೆಕ್ಚರರುಗಳಾಗಿದ್ದೆವು. ನಾನು ಗುಬ್ಬಿ ತಾಲೂಕಿನ ಕಡಬದವಳು. ಗುಬ್ಬಿಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಬೆಳಗಿನ ರೈಲಿಗೆ ಬರುತ್ತಿದ್ದೆ. ಅವಳ ತವರು ಹುತ್ರಿದುರ್ಗದ ಕಡೆ, ಕೊಟ್ಟಿದ್ದು ಕುಣಿಗಲ್ಲಿಗೆ. ಅಲ್ಲಿಂದ ಬಸ್ಸು. ಕಾಲೇಜಿನ ಮಕ್ಕಳಿಗೆ ನಮ್ಮ ಹೆಸರುಗಳು ಬೇಕಾಗಿಯೇ ಇರಲಿಲ್ಲ. ನಾನು ಗುಬ್ಬಿ ಮೇಡಂ, ಅವಳು ಕುಣಿಗಲ್ ಮೇಡಂ. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಮಕ್ಕಳ ಮುಂದೆ ನನ್ನನ್ನು ಮೇಡಂ ಎನ್ನುತ್ತಿದ್ದಳು, ಯಾರೂ ಇಲ್ಲದಾಗ ಅಕ್ಕಾ ಎನ್ನುತ್ತಿದ್ದಳು. ಅಷ್ಟು ಬಾಯ್ತುಂಬ ಅಕ್ಕಾ ಎಂದು ಕರೆಯುವವಳ ಮೇಲೆ ಕಿಚ್ಚುಪಡುವುದು ಎಷ್ಟು ಕಷ್ಟ ಎಂದು ಪಟ್ಟವರಿಗೇ ಗೊತ್ತು.

ನಾನು ಕೆಟ್ಟ ಲೆಕ್ಚರರ್ ಆಗಿರಲಿಲ್ಲ. ಲೆಕ್ಕ ಬಿಡಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ಕಾಲೇಜಿನಲ್ಲಿ ಇರಲಿಲ್ಲ, ಅವಳೂ ಇರಲಿಲ್ಲ. ಬೋರ್ಡಿನ ಎಡಗಡೆ ಸೂತ್ರ, ಬಲಗಡೆ ಲೆಕ್ಕ, ಕೆಳಗೆ ಎರಡು ಗೆರೆ ಎಳೆದು ಉತ್ತರ. ನನ್ನ ನೋಟ್ಸು ಬರೆದುಕೊಂಡ ಮಕ್ಕಳು ಪಾಸಾಗುತ್ತಿದ್ದರು. ಆದರೆ ನನ್ನ ಪಿರಿಯಡ್ಡಿಗೆ ಅವರು ಇಟ್ಟ ಹೆಸರು ನಿದ್ದೆ ಪಿರಿಯಡ್ಡು. ಒಮ್ಮೆ ಬಾಗಿಲ ಹೊರಗೆ ನಿಂತಿದ್ದಾಗ ನಾನೇ ಕೇಳಿಸಿಕೊಂಡೆ. ಅವಳು ಬರುವುದು ಕಂಡರೆ ಮಾತ್ರ, "ಕುಣಿಗಲ್ ಮೇಡಂ ಬಂದ್ರು ಕಣ್ರೋ, ಮುಂದೆ ಸರೀರೋ" ಎಂದು ಹಿಂದಿನ ಬೆಂಚಿನವರು ಮುಂದಿನ ಬೆಂಚಿಗೆ ನುಗ್ಗುತ್ತಿದ್ದರು.

ಪರಮಾಣು ಬೀಜದ ಪಾಠ ಬರುತ್ತಿದ್ದುದು ವರ್ಷದ ಕೊನೆಗೆ. ನನ್ನ ಸೆಕ್ಷನ್ನಿನಲ್ಲಿ ಬೈಂಡಿಂಗ್ ಎನರ್ಜಿ ಬರೆಸುತ್ತಿದ್ದೆ. ಹಗುರವಾದ ಬೀಜಗಳು ಕೂಡಿಕೊಂಡರೆ ಶಕ್ತಿ ಹೊರಬರುತ್ತದೆ, ಕೂಡಿ ಆದ ಹೀಲಿಯಮ್ಮಿನ ಬೈಂಡಿಂಗ್ ಎನರ್ಜಿ ಜಾಸ್ತಿ, ಎಂದೆ. ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ಹೀಲಿಯಮ್ಮಲ್ಲಿ ಎನರ್ಜಿ ಜಾಸ್ತಿ ಅಂತೀರಾ, ಮತ್ತೆ ಎನರ್ಜಿ ಹೊರಗ್ ಬಂತು ಅಂತೀರಾ. ಜಾಸ್ತಿ ಇದ್ರೆ ಒಳಗೇ ಇರ್ಬೇಕಲ್ವಾ?" ಎಂದಳು. ಒಳ್ಳೆಯ ಪ್ರಶ್ನೆ. ನನಗೆ ಉತ್ತರ ಸೂತ್ರದಲ್ಲಿ ಗೊತ್ತಿತ್ತು, ಬಾಯಲ್ಲಿ ಬರಲಿಲ್ಲ. "ಮೊದ್ಲು ಡೆಫಿನಿಷನ್ ಸರಿಯಾಗ್ ಬರ್ಕೊ" ಎಂದು ಕೂರಿಸಿದೆ.

ಪಕ್ಕದ ಕೋಣೆಯಲ್ಲಿ ಅವಳು ಅದೇ ಪಾಠ ಮಾಡುತ್ತಿದ್ದಳು. ನಡುವಿನ ಗೋಡೆಯ ಮೇಲ್ಭಾಗ ಬರೀ ಜಾಲರಿ, ಎಲ್ಲ ಕೇಳುತ್ತಿತ್ತು. ಅವಳ ಕೈಚೀಲದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇರುತ್ತಿತ್ತು, ಅದರಲ್ಲಿ ಎರಡು ಸ್ಪೀಕರ್ ಅಯಸ್ಕಾಂತ. ಟಪ್ಪೆಂದು ಸದ್ದು. ಆಮೇಲೆ ಅವಳ ದನಿ. "ಈಗ ಸದ್ದು ಬಂತಲ್ಲ, ಅದು ಎಲ್ಲಿಂದ ಬಂತು? ಎರಡೂ ದೂರ ದೂರ ಇದ್ದಾಗ ಅವುಗಳ ಹತ್ರ ಇದ್ದಿದ್ದು, ಅಂಟ್ಕೊಳ್ಳುವಾಗ ಬಿಟ್ಟುಕೊಟ್ಟುವು. ಹೊರಗೆ ಹೋಯ್ತು. ಅದನ್ನೇ ಬೈಂಡಿಂಗ್ ಎನರ್ಜಿ ಅನ್ನೋದು. ಒಳಗಿರೋದಲ್ಲ ಕಣ್ರೋ, ಕೊಟ್ಟು ಬಂದಿರೋದು. ಬಿಡಿಸ್ಬೇಕಂದ್ರೆ ಅಷ್ಟನ್ನೂ ನೀವು ವಾಪಸ್ ಕೊಡ್ಬೇಕು, ಎಳೀರಿ ನೋಡಾಣ." ಮಕ್ಕಳು ಎಳೆದಾಡುವ ಗದ್ದಲ. "ಅಯಸ್ಕಾಂತದಲ್ಲಿ ಅದು ಎಷ್ಟು ಕಮ್ಮಿ ಅಂದ್ರೆ ಯಾವ ತಕ್ಕಡಿಗೂ ಸಿಗಲ್ಲ. ಬೀಜದಲ್ಲಿ ಹಿಡಿತ ಎಷ್ಟು ಗಟ್ಟಿ ಅಂದ್ರೆ, ಕೊಟ್ಟಿದ್ದು ತೂಕದಲ್ಲೇ ಗೊತ್ತಾಗುತ್ತೆ. ನಾಲ್ಕು ಹೈಡ್ರೋಜನ್ ಸೇರಿ ಹೀಲಿಯಂ ಆದ್ರೆ ತೂಕ ಒಂಚೂರು ಕಮ್ಮಿ. ಆ ಕಮ್ಮಿ ಆಗಿದ್ದೇ ಬಿಸಿಲು. ನಿಮ್ಮಮ್ಮ ಹಪ್ಪಳ ಒಣಗಿಸ್ತಾರಲ್ಲ, ಅದೇ ಬಿಸಿಲು."

ನನ್ನ ತರಗತಿಯ ಅರವತ್ತು ಮಕ್ಕಳೂ ಜಾಲರಿಯ ಕಡೆ ಕಿವಿ ಕೊಟ್ಟು ಕೂತಿದ್ದರು. ಪ್ರಶ್ನೆ ಕೇಳಿದ ಹುಡುಗಿ ತನ್ನಷ್ಟಕ್ಕೆ ತಲೆಯಾಡಿಸಿದಳು. ನಾನೂ ಬೋರ್ಡಿನ ಕಡೆ ತಿರುಗಿ ಕೇಳಿಸಿಕೊಂಡೆ. ಎಂಎಸ್ಸಿಯಲ್ಲಿ ಎರಡು ವರ್ಷ ಓದಿದ್ದು ನನಗೂ ಆವತ್ತೇ ನಿಜವಾಗಿ ಅರ್ಥವಾಯಿತು. ಅದಕ್ಕೇ ಇನ್ನೂ ಹೆಚ್ಚು ಉರಿಯಿತು.

ಮುಂದಿನ ವಾರ ಗುಬ್ಬಿಯ ರೇಡಿಯೋ ರಿಪೇರಿ ಅಂಗಡಿಯಿಂದ ನಾನೂ ಎರಡು ಅಯಸ್ಕಾಂತ ತಂದೆ. ತರಗತಿಯಲ್ಲಿ ಹತ್ತಿರ ಹಿಡಿದೆ. ತಪ್ಪು ಮುಖ ಎದುರಾಗಿ ಒಂದು ಜಾರಿ ಕೆಳಗೆ ಬಿದ್ದು ಎರಡು ಹೋಳಾಯಿತು. ಮಕ್ಕಳು ನಗಲಿಲ್ಲ, ನಕ್ಕಿದ್ದರೆ ಎಷ್ಟೋ ವಾಸಿ ಇತ್ತು. ಮುಂದಿನ ಬೆಂಚಿನವನೊಬ್ಬ ಎದ್ದು ಎರಡು ಹೋಳನ್ನೂ ಆರಿಸಿ ಕೊಟ್ಟು, "ಮೇಡಂ, ಇದು ಕುಣಿಗಲ್ ಮೇಡಂ ಮಾಡ್ತಾರಲ್ಲ, ಅವರ್ನೇ ಕೇಳಿ ಮೇಡಂ, ಹೇಳ್ಕೊಡ್ತಾರೆ" ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಆ ವರ್ಷ ಪೂರ್ತಿ ಅವನ ಹಾಜರಿ ಕರೆಯುವಾಗ ಮುಖ ನೋಡಲಿಲ್ಲ.

ಅವಳಿಗೆ ಇದ್ಯಾವುದೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದಳೋ... ಇಂದಿಗೂ ನನಗೆ ತಿಳಿಯದು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ತನ್ನ ಡಬ್ಬಿಯ ಮುಚ್ಚಳಕ್ಕೆ ಹುರುಳಿಕಾಳಿನ ಪಲ್ಯ ಹಾಕಿ ನನ್ನ ಕಡೆ ಸರಿಸುತ್ತಿದ್ದಳು. ಪಲ್ಯವೂ ನನ್ನದಕ್ಕಿಂತ ಚೆನ್ನಾಗಿರುತ್ತಿತ್ತು. "ಅಕ್ಕಾ, ಪರ್ಮನೆಂಟ್ ಆದ್ರೆ ಲ್ಯಾಬಲ್ಲಿ ಒಂದು ಗಾಜಿನ ಪೆಟ್ಟಿಗೆ ಮಾಡ್ತೀನಿ. ಸ್ಪಿರಿಟ್ಟು, ಮಂಜುಗಡ್ಡೆ ಇಟ್ಟು ಒಳಗೆ ಆವಿ ಕಟ್ಟಿಸಿದ್ರೆ ಕಣ ಹೋದ ದಾರಿ ಗೆರೆ ಗೆರೆಯಾಗಿ ಕಾಣುತ್ತಂತೆ. ಮಕ್ಕಳು ಒಂದ್ಸಲ ನೋಡ್ಬುಟ್ರೆ ಸಾಕು, ಆಮೇಲೆ ಪಾಠನೇ ಬೇಡ" ಎನ್ನುತ್ತಿದ್ದಳು. ಪರ್ಮನೆಂಟ್ ಎನ್ನುವ ಮಾತು ಅವಳ ಬಾಯಲ್ಲಿ ಬಂದಾಗೆಲ್ಲ ನಾನು ಪಲ್ಯದ ಮುಚ್ಚಳವನ್ನು ವಾಪಸ್ ಅವಳ ಕಡೆಗೇ ಸರಿಸುತ್ತಿದ್ದೆ. ಇದ್ದದ್ದು ಒಂದೇ ಹುದ್ದೆ. ಆ ವರ್ಷ ಅದು ನನಗೆ ಆಗದಿದ್ದರೆ ಕೆಲಸ ಬಿಟ್ಟು ಊರಿಗೆ ಬರಬೇಕು ಎಂದು ಕಡಬದಿಂದ ಅಣ್ಣ ಹೇಳಿ ಕಳಿಸಿಯಾಗಿತ್ತು. ಅವಳ ಮನೆಯಲ್ಲೂ ಗಂಡ, ಮಾವ ಅದೇ ಮಾತು ಹೇಳಿದ್ದರು. ಕಾಯಂ ಆದರೆ ಬಸ್ಸು ಹತ್ತು, ಇಲ್ಲದಿದ್ದರೆ ಮನೆಯಲ್ಲಿರು.

ಇಂಟರ್ವ್ಯೂಗೆ ಒಂದು ತಿಂಗಳಿರುವಾಗ ನನಗೊಂದು ಸಂಶಯ ಬಂತು. ಹೈಡ್ರೋಜನ್ನಿನಲ್ಲಿ ಭಾರವಾದದ್ದೊಂದಿದೆ, ಅದರ ಬೀಜದಲ್ಲಿ ಒಂದು ಪ್ರೋಟಾನ್, ಒಂದು ನ್ಯೂಟ್ರಾನ್. ಅದಕ್ಕೆ ಡ್ಯೂಟರಾನ್ ಎಂದು ಹೆಸರು. ಸೂರ್ಯನಲ್ಲಿ ಹೀಲಿಯಂ ಆಗುವ ದಾರಿಯಲ್ಲಿ ಮೊದಲ ಮೆಟ್ಟಿಲು ಅದೇ. ಈ ಕಣಗಳಿಗೆ ಸ್ಪಿನ್ ಎಂಬ ಗುಣ ಇರುತ್ತದೆ, ಬುಗುರಿಯ ಗಿರಕಿಯ ಹಾಗೆ. ಎಲೆಕ್ಟ್ರಾನುಗಳು ಜೋಡಿಯಾದಾಗ ಒಂದು ಈ ಕಡೆ, ಇನ್ನೊಂದು ಆ ಕಡೆ ಗಿರಕಿ ಹೊಡೆಯುತ್ತವೆ ಎಂದು ನಾವೆಲ್ಲ ಹೈಸ್ಕೂಲು ಮುಗಿದಾಗಿನಿಂದ ಬಾಯಿಪಾಠ ಮಾಡಿದವರು. ಆದರೆ ನನ್ನ ಪುಸ್ತಕದಲ್ಲಿ ಡ್ಯೂಟರಾನಿನ ಎರಡೂ ಒಂದೇ ಕಡೆ ಎಂದಿತ್ತು. ಯಾಕೆ ಎಂದು ಬರೆದಿರಲಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಅಭಿಮಾನ ನುಂಗಿಕೊಂಡು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಅವಳನ್ನೇ ಕೇಳಿದೆ. ಅವಳ ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ "ಕುಣಿಗಲ್ ಕುಣಿಗಲ್" ಎಂದು ಬಡಿದುಕೊಳ್ಳುತ್ತಿದ್ದ.

"ಅಯ್ಯೋ ಅಕ್ಕಾ, ಬಸ್ಸು ಹೊರಟ್‌ಬುಡ್ತು, ಬೇಗ ಹೇಳ್ಬುಡ್ತೀನಿ" ಎಂದು ಚೀಲ ಕಂಕುಳಿಗೆ ಸಿಕ್ಕಿಸಿಕೊಂಡಳು. "ಆ ಕಡೆ ಈ ಕಡೆ ಅನ್ನೋ ನಿಯಮ ಒಂದೇ ಜಾತಿ ಕಣಕ್ಕೆ. ಎರಡೂ ಒಂದೇ ಥರ ಇದ್ದು ಒಂದೇ ಜಾಗದಲ್ಲಿ ಇರ್ಬೇಕಂದ್ರೆ ಗಿರಕಿಯಾದ್ರೂ ಬೇರೆ ಇರ್ಬೇಕು. ಪ್ರೋಟಾನು, ನ್ಯೂಟ್ರಾನು ಬೇರೆ ಬೇರೆ, ಇವಕ್ಕೆ ಆ ಕಟ್ಟು ಇಲ್ಲ. ನಿಮ್ಮನೇಲಿ ರಾಗಿ ಬೀಸೋಕಲ್ಲು ಇಲ್ವಾ? ಇಬ್ರು ಎದುರುಬದುರು ಕೂತು ಒಂದೇ ಗೂಟ ಹಿಡ್ಕೊಂಡು ಒಂದೇ ಕಡೆಗೆ ತಿರುಗಿಸಿದ್ರೆ ಕಲ್ಲು ತಿರುಗುತ್ತೆ. ಒಬ್ರು ಆ ಕಡೆ ಎಳುದ್ರೆ ನಿಂತೋಗುತ್ತೆ. ಬೀಜದ ಹಿಡಿತನೂ ಹಂಗೇ. ಗಿರಕಿ ಒಂದೇ ಕಡೆ ಇದ್ರೆ ಜಾಸ್ತಿ. ಎದುರಾಗಿದ್ರೆ ಒಂಚೂರಲ್ಲಿ ಸಾಲ್ದೆ ಹೋಗುತ್ತೆ, ಅಂಟ್ಕೊಳಲ್ಲ. ಎರಡು ಪ್ರೋಟಾನು ಬರೀ ಅವೆರಡೇ ಅಂಟ್ಕೊಳ್ದೇ ಇರೋದೂ ಅದಕ್ಕೇ, ಅವು ಒಂದೇ ಜಾತಿ, ಒಂದೇ ಕಡೆ ತಿರುಗಂಗಿಲ್ಲ. ಅಂಟ್ಕೊಂಡಿದ್ರೆ ಸೂರ್ಯ ಯಾವತ್ತೋ ಉರಿದು ಮುಗಿದಿರ್ತಿದ್ದ ಅಕ್ಕಾ!" ಅಷ್ಟರಲ್ಲಿ ಬಸ್ಸು ಕದಲಿತು. ಓಡಿ ಹತ್ತಿದಳು. ಕಿಟಕಿಯಿಂದ ಕೈ ಹೊರಗೆ ಹಾಕಿ, ಗಾಳಿಯಲ್ಲೇ ಬೀಸೋಕಲ್ಲು ತಿರುಗಿಸುತ್ತಾ, ಅರ್ಥ ಆಯ್ತಾ ಎನ್ನುವಂತೆ ಹುಬ್ಬು ಹಾರಿಸಿದಳು. ನಾನು ಉತ್ತರ ಕೊಡುವ ಮೊದಲೇ ಬಸ್ಸು ತಿರುವು ದಾಟಿತು.

ಅರ್ಥವಾಗಿತ್ತು. ಕಡಬದ ಮನೆಯ ನಡುಮನೆಯಲ್ಲಿ ಅಮ್ಮನ ಎದುರು ಕೂತು ರಾಗಿ ಬೀಸಿದವಳಿಗೆ ಅರ್ಥವಾಗದೆ ಏನು? ಗುಬ್ಬಿ ತಲುಪುವವರೆಗೂ ರೈಲಿನಲ್ಲಿ ಅದನ್ನೇ ಯೋಚಿಸುತ್ತಾ ಬಂದೆ. ಬೀಸಿದ್ದು ನಾನು, ಕಲ್ಲು ನಮ್ಮ ಮನೆಯದು. ಅದು ಹೊಳೆದಿದ್ದು ಮಾತ್ರ ಅವಳಿಗೆ.

ಇಂಟರ್ವ್ಯೂ ಬಂತು. ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು, ಬೇರೆಲ್ಲೂ ನಾನು ಕಂಡಿಲ್ಲ. ಒಬ್ಬ ಅಭ್ಯರ್ಥಿ ಡೆಮೊ ಕ್ಲಾಸ್ ತೆಗೆದುಕೊಳ್ಳುವಾಗ ಉಳಿದವರು ಕೊನೆಯ ಬೆಂಚಿನಲ್ಲಿ ಮಕ್ಕಳ ಹಾಗೆ ಕೂರಬೇಕು. ಆಮೇಲೆ ಯಾರೂ ಪಕ್ಷಪಾತ ಆಯಿತು ಎನ್ನಬಾರದೆಂದು ಸೆಕ್ರೆಟರಿಯವರೇ ಮಾಡಿದ್ದ ಕಾನೂನು. ಅವರು ಕೊಬ್ಬರಿ ವ್ಯಾಪಾರದವರು, ಹರಾಜಿನಲ್ಲಿ ಎಲ್ಲರ ಎದುರಿಗೇ ಮಾಲು ತೂಗಿಸಿ ಅಭ್ಯಾಸ. ಅವತ್ತು ಮುಂದಿನ ಬೆಂಚಿನಲ್ಲಿ ಸೆಕ್ರೆಟರಿ, ಪ್ರಿನ್ಸಿಪಾಲರು, ಹೊರಗಿನಿಂದ ಕರೆಸಿದ್ದ ನಿವೃತ್ತ ಪ್ರೊಫೆಸರರು ಕೂತಿದ್ದರು. ಕೊನೆಯ ಬೆಂಚಿನಲ್ಲಿ ನಾನೊಬ್ಬಳೇ. ಚೀಟಿ ಎತ್ತಿದಾಗ ಇಬ್ಬರಿಗೂ ಸೇರಿ ಬಂದ ವಿಷಯ, ಹಗುರ ಬೀಜಗಳ ಸಮ್ಮಿಲನ. ಚೀಟಿ ಬಿಚ್ಚಿದ ಕೂಡಲೇ ಕೆಲಸ ಹೋಯಿತು ಎಂದುಕೊಂಡೆ.

ಮೊದಲು ಅವಳು. ಬಿಸ್ಕತ್ತಿನ ಡಬ್ಬಿ ತೆಗೆದಳು. ಐದು ನಿಮಿಷದಲ್ಲಿ ಸೆಕ್ರೆಟರಿಯವರು ಪಂಚೆ ಸರಿಮಾಡಿಕೊಂಡು ಎದ್ದು ಹೋಗಿ ತಾವೇ ಅಯಸ್ಕಾಂತ ಟಪ್ ಅನ್ನಿಸಿ, "ಓಹೋ, ಕೊಟ್ಟಿದ್ದಕ್ಕೇ ಗಟ್ಟಿಯಾಗಿರೋದು ಅನ್ನಿ" ಎಂದರು. ಪ್ರಿನ್ಸಿಪಾಲರು ನಗುತ್ತಿದ್ದರು. ನಾನು ಬೆಂಚಿನ ಕೆಳಗೆ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಒದ್ದೆ ಮಾಡಿದ್ದೆ. ನಾನು ಇದಾದ ಮೇಲೆ ಎದ್ದು ಹೋಗಿ ಎಡಗಡೆ ಸೂತ್ರ ಬರೆಯಬೇಕಿತ್ತಲ್ಲ!

ಆಗ ಪ್ರೊಫೆಸರರು ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು. "ಎಲ್ಲಾ ಚೆನ್ನಾಗಿದೆ ಅಮ್ಮ. ಡ್ಯೂಟರಾನಲ್ಲಿ ಎರಡು ಕಣದ ಸ್ಪಿನ್ ಹೆಂಗಿರುತ್ತೆ ಹೇಳಿ."

"ಒಂದೇ ದಿಕ್ಕು ಸರ್."

"ಒಂದೇ ದಿಕ್ಕಾ? ಜೋಡಿ ಅಂದ್ರೆ ಒಂದು ಆ ಕಡೆ, ಒಂದು ಈ ಕಡೆ. ಎಕ್ಸ್‌ಕ್ಲೂಷನ್ ಪ್ರಿನ್ಸಿಪಲ್ ಮರೆತ್ರಾ?"

"ಅದು ಒಂದೇ ಥರದ ಕಣಕ್ಕೆ ಸರ್. ಇವು ಬೇರೆ ಬೇರೆ."

ಅವರ ಮುಖ ಕೆಂಪಾಯಿತು. ಅವರ ಕಾಲದಲ್ಲಿ ಅವರು ಬೇರೆ ಏನನ್ನೋ ಓದಿದವರು, ಈ ವಿಷಯ ಅವರದ್ದಲ್ಲ. ಸೆಕ್ರೆಟರಿಯ ಮುಂದೆ ಅದನ್ನು ಒಪ್ಪಿಕೊಳ್ಳುವುದು ಹೇಗೆ? ತಿರುಗಿ ಕೊನೆಯ ಬೆಂಚಿನ ಕಡೆ ನೋಡಿದರು. "ನೀವೇನಮ್ಮ ಅಂತೀರಾ?"

ನಾನು ಎದ್ದು ನಿಂತೆ. ಆ ಕ್ಷಣ ನೆನಪಿದೆ... ಕಿಟಕಿಯ ಹೊರಗೆ ಯಾರೋ ಸೈಕಲ್ ಸ್ಟ್ಯಾಂಡ್ ಹಾಕಿದರು. ಉತ್ತರ ನನಗೆ ಗೊತ್ತಿತ್ತು. ಬೀಸೋಕಲ್ಲಿನ ಸಮೇತ ಗೊತ್ತಿತ್ತು. ಪ್ರೊಫೆಸರರಿಗೆ ಯಾವ ಉತ್ತರ ಬೇಕು ಎನ್ನುವುದೂ ಗೊತ್ತಿತ್ತು.

"ವಿರುದ್ಧ ದಿಕ್ಕು ಸರ್" ಎಂದೆ.

"ನೋಡಿ" ಎಂದು ಅವರು ಸೆಕ್ರೆಟರಿಯ ಕಡೆ ತಿರುಗಿದರು. "ಆಟ ಆಡ್ಸೋದು ಬೇರೆ, ಬೇಸಿಕ್ಸ್ ಬೇರೆ."

ಅವಳು ಬೋರ್ಡಿನ ಹತ್ತಿರದಿಂದ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಮುಖ ಸ್ವಲ್ಪ ವಾರೆ ಮಾಡಿ, ಕಣ್ಣು ಕಿರಿದು ಮಾಡಿ, ಏನನ್ನೋ ಹುಡುಕುವವಳಂತೆ ನೋಡಿದಳು. ಆ ನೋಟಕ್ಕೆ ನಾನು ಹತ್ತು ವರ್ಷ ಬೇರೆ ಅರ್ಥ ಕೊಟ್ಟುಕೊಂಡಿದ್ದೆ. ಗೊತ್ತಿದ್ದೂ ಹೀಗೆ ಹೇಳಿದಿರಲ್ಲ ಅಕ್ಕಾ, ಎಂದು ಕೇಳುತ್ತಿದ್ದಾಳೆ ಎಂದುಕೊಂಡಿದ್ದೆ.

ನನ್ನ ಡೆಮೊ ಹೇಗಾಯಿತೋ ನೆನಪಿಲ್ಲ. ಎಡಗಡೆ ಸೂತ್ರ, ಬಲಗಡೆ ಲೆಕ್ಕ. ಕೆಲಸ ನನಗಾಯಿತು. ಹೊರಗೆ ಕಾರಿಡಾರಿನಲ್ಲಿ ಅವಳು ನನ್ನ ಎರಡೂ ಕೈ ಹಿಡಿದುಕೊಂಡು, "ಒಳ್ಳೇದಾಯ್ತು ಅಕ್ಕಾ, ಊರಿಗ್ ಹೋಗೋದು ತಪ್ತು ನಿಮಗೆ" ಎಂದಳು. ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದು, ಗಡಿಯಾರ ನೋಡಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಗೇಟಿನವರೆಗೆ ಅವಳ ಹಿಂದೆ ಏಳೆಂಟು ಮಕ್ಕಳು ಹೋದರು. ಕೆಲಸ ಸಿಕ್ಕಿದವಳು ನಾನು, ಮಕ್ಕಳು ಹೋಗಿದ್ದು ಅವಳ ಹಿಂದೆ. ಗೆದ್ದ ದಿನವೂ ಅವಳನ್ನು ನೋಡಿ ಉರಿದುಕೊಳ್ಳುವ ಕರ್ಮ ನನ್ನದು.

ಅವಳು ಕುಣಿಗಲ್ಲಿನಲ್ಲಿ ಮನೆಯ ಪಡಸಾಲೆಯಲ್ಲೇ ಟ್ಯೂಷನ್ ಶುರುಮಾಡಿದಳು ಎಂದು ಆಮೇಲೆ ಕೇಳಿದೆ. ನಾನು ಕಾಯಂ ಆಗಿ, ಮದುವೆಯಾಗಿ, ತುಮಕೂರಿನಲ್ಲೇ ಮನೆ ಮಾಡಿದೆ. ಮರೆತೆ ಎಂದುಕೊಂಡಾಗೆಲ್ಲ ಅವಳು ಎಲ್ಲಿಂದಲೋ ಎದುರಾಗುತ್ತಿದ್ದಳು. ಒಂದು ವರ್ಷ ಪಿಯು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿದ್ದೆ. ಯಾವ ಊರಿನ ಪತ್ರಿಕೆ ಎಂದು ನಮಗೆ ಗೊತ್ತಾಗಬಾರದು, ಗೊತ್ತಾಗುವುದೂ ಇಲ್ಲ. ಆದರೆ ಬೈಂಡಿಂಗ್ ಎನರ್ಜಿಯ ಉತ್ತರದ ಪಕ್ಕದಲ್ಲಿ ಯಾವುದೋ ಮಗು ಎರಡು ಬಳೆಯಂಥ ಅಯಸ್ಕಾಂತದ ಚಿತ್ರ ಬರೆದು, ನಡುವೆ ಸದ್ದಿನ ಗೆರೆಗಳನ್ನು ಎಳೆದಿತ್ತು. ನನ್ನ ಕೆಂಪು ಪೆನ್ನು ಅಲ್ಲೇ ನಿಂತಿತು. ಉತ್ತರ ಸರಿಯಿತ್ತು. ಮಾದರಿ ಉತ್ತರದಲ್ಲಿ ಇಂಥ ಚಿತ್ರ ಇಲ್ಲವೆಂದು ಅರ್ಧ ಅಂಕ ಕಳೆದೆ. ಸುಳ್ಳು ಹೇಳುವುದಿಲ್ಲ, ಕಳೆದೆ. ಚಹಾ ಕುಡಿದು ಬಂದು ಮತ್ತೆ ಹಾಕಿದೆ, ಅದೂ ದೊಡ್ಡ ಮನಸ್ಸಿನಿಂದೇನಲ್ಲ. ಮೇಲಿನವರು ನೋಡಿದರೆ ಕಾರಣ ಕೇಳುತ್ತಾರೆ ಎನ್ನುವ ಭಯದಿಂದ.

ಅವಳನ್ನು ಕೊನೆಯ ಸಲ ನೋಡಿದ್ದು ಎರಡು ಸಾವಿರದ ದಶಕದ ನಡುವಿನಲ್ಲಿ. ಗಂಡನ ಕಡೆಯವರ ಮದುವೆಗೆಂದು ಕುಣಿಗಲ್ಲಿಗೆ ಹೋಗಿದ್ದೆ. ಊಟವಾದ ಮೇಲೆ ಯಾರಿಗೂ ಹೇಳದೆ ದೊಡ್ಡ ಕೆರೆಯ ಕಡೆಗಿನ ಬೀದಿಯಲ್ಲಿ ಟ್ಯೂಷನ್ ಮೇಡಂ ಮನೆ ಎಲ್ಲಿ ಎಂದು ವಿಚಾರಿಸಿದೆ. ತುಮಕೂರಿನಿಂದ ಬರುವಾಗಲೇ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಅವತ್ತು ನನಗೆ ಗೊತ್ತಿತ್ತು ಕಣೇ, ಬೇಕೆಂದೇ ಹೇಳಿದೆ, ತಪ್ಪಾಯಿತು. ಮೂರೇ ಮಾತು. ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿತ್ತು.

ಬಾಗಿಲಿಗೆ ಬಂದಳು. ಬಹಳ ತೆಳ್ಳಗಾಗಿದ್ದಳು, ಕೂದಲು ಉದುರಿತ್ತು, ತಲೆಗೆ ಸೆರಗು ಹೊದ್ದಿದ್ದಳು. ಏನಾಗಿದೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. "ಅಕ್ಕಾ!" ಎಂದಳು, ಅದೇ ಬಾಯ್ತುಂಬ. ಪಡಸಾಲೆಯಲ್ಲಿ ಚಾಪೆ, ಗೋಡೆಗೆ ಒಂದು ಕರಿಹಲಗೆ. ಗಾಜಿನ ಪೆಟ್ಟಿಗೆ ಇರಲಿಲ್ಲ. ಇರುವುದಾದರೂ ಹೇಗೆ, ಲ್ಯಾಬಿನ ಬೀಗದ ಕೈ ಇದ್ದದ್ದು ನನ್ನ ಹತ್ತಿರ. ಆ ಹತ್ತು ವರ್ಷದಲ್ಲಿ ನಾನೂ ಅದನ್ನು ಮಾಡಲಿಲ್ಲ. ಅವಳ ಯೋಚನೆ ನಾನ್ಯಾಕೆ ಮಾಡಲಿ ಎನ್ನುವ ಬಿಂಕ.

ಕಾಫಿ ಕೊಟ್ಟು ಎದುರು ಕೂತಳು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳೇ ಶುರುಮಾಡಿದಳು.

"ಅಕ್ಕಾ, ಒಂದು ವಿಷ್ಯ ಬಾಳ ದಿನದಿಂದ ಮನಸ್ಸಲ್ಲೈತೆ. ನೀವ್ ಬೇಜಾರ್ ಮಾಡ್ಕೊಬಾರ್ದು."

ಬಂತು, ಎಂದುಕೊಂಡೆ. ಬರಲಿ, ಅವಳೇ ಬೈದುಬಿಡಲಿ.

"ಅವತ್ತು ಬಸ್ ಸ್ಟ್ಯಾಂಡಲ್ಲಿ ಡ್ಯೂಟರಾನ್ ಕೇಳಿದ್ರಲ್ಲ. ಬಸ್ಸು ಹೋಗುತ್ತೆ ಅಂತ ಅರ್ಜೆಂಟಲ್ಲಿ ಏನೇನೋ ಹೇಳ್ಬುಟ್ಟೆ. ನಿಮಗೆ ಅರ್ಥ ಆಗೋ ಹಂಗೆ ಹೇಳ್ಲಿಲ್ಲ. ಅವತ್ತು ಆ ಸರ್ ಮುಂದೆ ನೀವು ಉಲ್ಟಾ ಹೇಳ್ದಾಗ ಗೊತ್ತಾಯ್ತು. ತಪ್ಪು ನಂದೇ. ಒಂದು ಬಸ್ಸು ಬಿಟ್ಟಿದ್ರೆ ಏನಾಗ್ತಿತ್ತು? ಅವತ್ತಿಂದ ಯಾವ್ ಮಕ್ಕಳಿಗಾದ್ರೂ ಅದನ್ನ ಎರಡೆರಡು ಸಲ ಹೇಳ್ತೀನಿ ಅಕ್ಕಾ. ನಿಮಗೆ ಹೇಳ್ದಂಗೆ ಅವಸರ ಮಾಡಲ್ಲ."

ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. ಅವಮಾನ. ನನಗೆ ಅರ್ಥವಾಗಲಿಲ್ಲ ಎಂದುಕೊಂಡಿದ್ದಾಳೆ! ಎಂಎಸ್ಸಿ ಫಸ್ಟ್ ಕ್ಲಾಸಿನ ನನಗೆ! ಬೋರ್ಡಿನ ಹತ್ತಿರದಿಂದ ನನ್ನನ್ನು ನೋಡಿದ ಆ ನೋಟ ಏನೆಂದು ಆಗ ತಿಳಿಯಿತು. ಹಿಂದಿನ ಬೆಂಚಿನ ಮಗು ತಪ್ಪು ಉತ್ತರ ಕೊಟ್ಟಾಗ, ನಾನು ಹೇಳಿದ್ದರಲ್ಲಿ ಎಲ್ಲಿ ತಪ್ಪಿತು ಎಂದು ತನ್ನನ್ನೇ ಕೇಳಿಕೊಳ್ಳುವಾಗ ಅವಳು ಹಾಗೆ ನೋಡುತ್ತಿದ್ದಳು. ಅಷ್ಟೇ. ಹತ್ತು ವರ್ಷ ನಾನು ಅವಳ ಕಣ್ಣಲ್ಲಿ ಮೋಸಗಾತಿ ಎಂದು ಹೆದರಿಕೊಂಡಿದ್ದೆ. ಅವಳ ಕಣ್ಣಲ್ಲಿ ನಾನು ಬರೀ ದಡ್ಡಿ.

ಜೋಡಿಸಿಕೊಂಡು ಬಂದಿದ್ದ ಮೂರು ಮಾತು ನಾಲಿಗೆಯ ತುದಿಯಲ್ಲೇ ಇದ್ದವು. ಮೋಸಗಾತಿ ಎನ್ನಿಸಿಕೊಳ್ಳುವುದಕ್ಕಿಂತ ದಡ್ಡಿ ಎನ್ನಿಸಿಕೊಳ್ಳುವುದೇ ವಾಸಿ ಎನ್ನಿಸಿತು. ನುಂಗಿಕೊಂಡೆ.

"ಹೌದು ಕಣೇ" ಎಂದೆ. "ಅವತ್ತು ಅರ್ಥ ಆಗ್ಲಿಲ್ಲ."

"ಈಗ ಹೇಳ್ಲಾ?" ಎಂದು ಎದ್ದೇಬಿಟ್ಟಳು. ಕರಿಹಲಗೆಯ ಹತ್ತಿರ ಹೋಗುವಾಗ ಗೋಡೆ ಹಿಡಿದುಕೊಂಡು ಹೋದಳು. ಚಿತ್ರ ಬರೆದಳು. ಚಾಪೆಯ ಮೇಲೆ ನನ್ನ ಎದುರು ಕೂತು, ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಇಲ್ಲದ ಬೀಸೋಕಲ್ಲನ್ನು ಒಂದು ಸಲ ಒಂದೇ ಕಡೆಗೆ, ಇನ್ನೊಂದು ಸಲ ಎದುರುಬದುರಾಗಿ ತಿರುಗಿಸಿ ತೋರಿಸಿದಳು. ಅವಳ ಕೈಯಲ್ಲಿ ಬಲವೇ ಇರಲಿಲ್ಲ. ನಡುವೆ ನಿಲ್ಲಿಸಿ ಉಸಿರು ತೆಗೆದುಕೊಂಡು, "ಇನ್ನೂ ಒಂದೈತೆ ಅಕ್ಕಾ, ಮೊನ್ನೆ ಓದ್ದೆ. ಭಾರದ ಹೈಡ್ರೋಜನ್ನು ಎರಡು ಥರದ್ದು ಸೇರಿಸಿ ಶಕ್ತಿ ತೆಗೀತಾರಲ್ಲ, ಅವೆರಡರ ಗಿರಕಿನೂ ಮೊದ್ಲೇ ಒಂದೇ ಕಡೆ ಮಾಡಿ ಬಿಟ್ರೆ, ಸೇರೋದು ಒಂದೂವರೆಪಟ್ಟು ಆಗುತ್ತಂತೆ. ಒಂದೂವರೆಪಟ್ಟು!" ಎಂದಳು, ತನಗೇ ಯಾರೋ ಏನೋ ಕೊಟ್ಟ ಹಾಗೆ. ನನಗೆ ಅದು ಗೊತ್ತಿರಲಿಲ್ಲ. ಆ ಸ್ಥಿತಿಯಲ್ಲೂ ಅವಳಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಚುರ್ರೆಂದಿತು, ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಚುರ್ರೆಂದಿತು.

ಅನುಮಾನ ಬರಬಾರದೆಂದು ನಡುನಡುವೆ ನಾನು ಪ್ರಶ್ನೆಗಳನ್ನೂ ಕೇಳಿದೆ. ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ. ಅವಳು ಒಂದೊಂದಕ್ಕೂ ನಿಧಾನವಾಗಿ ಉತ್ತರ ಹೇಳಿದಳು.

"ಈಗ ಅರ್ಥ ಆಯ್ತಾ ಅಕ್ಕಾ?"

"ಆಯ್ತು ಕಣೇ. ಈಗ ಆಯ್ತು."

ಅವಳ ಮುಖ ಅರಳಿತು. ಆ ಮುಖ ನನಗೆ ಗೊತ್ತಿತ್ತು. ಗೋಡೆಯಾಚೆಯ ಕೋಣೆಯಲ್ಲಿ ಯಾವುದೋ ಮಗು ಓಹ್ ಎಂದಾಗ ಅವಳು ಆ ಮಗುವಿನ ಕಡೆ ಹಾಗೆ ನೋಡುವುದನ್ನು ಬಾಗಿಲ ಸಂದಿಯಿಂದ ಎಷ್ಟೋ ಸಲ ಕಂಡಿದ್ದೆ. ನನಗೆ ಅವಳ ಜಾಣತನದ ಮೇಲೆ, ಅವಳ ಮಾತಿನ ಮೇಲೆ ಕಿಚ್ಚು ಎಂದುಕೊಂಡಿದ್ದೆ. ಆ ಮಕ್ಕಳ ಮೇಲೂ ಕಿಚ್ಚಿತ್ತು ಎಂದು ಚಾಪೆಯ ಮೇಲೆ ಕೂತು ತಿಳಿಯಿತು. ಆ ಮುಖ ಕೊನೆಗೆ ನನ್ನ ಕಡೆಗೂ ತಿರುಗಿತು, ಸುಳ್ಳು ಹೇಳಿ ಸಂಪಾದಿಸಿಕೊಂಡೆ.

ಹೊರಡುವಾಗ ಕುಂಕುಮ ಕೊಟ್ಟಳು. "ಇನ್ ನೆಮ್ಮದಿ ಅಕ್ಕಾ" ಎಂದಳು. ಅದಾಗಿ ಒಂದು ವರ್ಷದೊಳಗೆ ಹೋದಳು. ನನಗೆ ಗೊತ್ತಾಗಿದ್ದು ತಿಥಿಯೆಲ್ಲ ಮುಗಿದ ಮೇಲೆ, ಹಳೆಯ ವಿದ್ಯಾರ್ಥಿಯೊಬ್ಬ ರಸ್ತೆಯಲ್ಲಿ ಸಿಕ್ಕಿ ಹೇಳಿದಾಗ. "ನಿಮ್ ಫ್ರೆಂಡಲ್ವಾ ಮೇಡಂ ಅವ್ರು" ಎಂದ. ಹೌದು ಎಂದೆ...

ಅದಾದ ಮೇಲೆ ನಿವೃತ್ತಿಯಾಗುವವರೆಗೂ ಡ್ಯೂಟರಾನಿನ ಪಾಠವನ್ನು ನಾನು ಬೀಸೋಕಲ್ಲಿನಲ್ಲೇ ಮಾಡಿದೆ. ಮಕ್ಕಳಿಗೆ ಅರ್ಥವಾಗುತ್ತಿತ್ತು. ನನ್ನ ಪಿರಿಯಡ್ಡಿನಲ್ಲಿ ನಿದ್ದೆಯೂ ಕಡಿಮೆಯಾಯಿತು. ಎಷ್ಟು ಚೆನ್ನಾಗಿ ಹೇಳ್ತೀರಿ ಮೇಡಂ ಎಂದವರ ಮುಂದೆ ಸುಮ್ಮನೆ ನಕ್ಕೆನೇ ಹೊರತು, ಯಾರದೆಂದು ಒಂದು ದಿನವೂ ಹೇಳಲಿಲ್ಲ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಅವಳ ಹತ್ತಿರ ಕಲಿತ ಸಾವಿರಾರು ಮಕ್ಕಳಲ್ಲಿ, ತಾನು ಹೇಳಿಕೊಡಲು ಸೋತೆ ಎಂದು ಅವಳು ಅಂದುಕೊಂಡಿದ್ದು ನನ್ನೊಬ್ಬಳ ವಿಷಯದಲ್ಲಿ. ಹತ್ತು ವರ್ಷ ಆ ಸೋಲನ್ನು ಹೊತ್ತುಕೊಂಡು ಪಾಠ ಮಾಡಿದಳು. ಅವಳು ಸೋತಿರಲಿಲ್ಲ. ಬಸ್ಸಿನ ಗದ್ದಲದಲ್ಲಿ, ಅಷ್ಟು ಅವಸರದಲ್ಲಿ ಹೇಳಿದ್ದು ಮೊದಲ ಸಲಕ್ಕೇ ಅರ್ಥವಾಗಿತ್ತು. ಕುಣಿಗಲ್ಲಿನ ಆ ಮನೆಯಲ್ಲಿ ಈಗ ಬೇರೆ ಯಾರೋ ಬಾಡಿಗೆಗೆ ಇದ್ದಾರಂತೆ.